ಪಾದ್ರಿಯ ನಾಯಿ, ಕಳ್ಳನ ನಾಯಿ

ಇಂಗ್ಲೆಂಡಿನ ಹಳ್ಳಿಗಳ ಬೇಟೆನಾಯಿಗಳಲ್ಲೂ ಎರಡು ಪಂಗಡ. ಟೆರಿಯರ್ ಪಾದ್ರಿಯ ಕಡೆಯದು. ಮುಂದೆ ಪಾದ್ರಿಯಾದ ಜಾನ್ ರಸೆಲ್, 1819ರಲ್ಲಿ ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದಾಗ ಹಾಲಿನವನಿಂದ ಟ್ರಂಪ್ ಎಂಬ ಹೆಣ್ಣುನಾಯಿ ಕೊಂಡರಂತೆ. ಅವರ ಹೆಸರಿನ ಜ್ಯಾಕ್ ರಸೆಲ್ ಟೆರಿಯರ್ ತಳಿಗೆ ಅವಳೇ ಮೂಲಮಾತೆ. ಲರ್ಚರ್ ಕಳ್ಳಬೇಟೆಗಾರನ ಕಡೆಯದು: ಗ್ರೇಹೌಂಡಿನ ಓಟ, ಕೋಲಿಯ ಬುದ್ಧಿ, ಬಾಯಿ ಮಾತ್ರ ಬಂದ್.

ಟೆರಿಯರ್ ಬಿಲ ಹೊಕ್ಕರೆ ಯಜಮಾನನಿಗೆ ಕಾಣುವುದು ಎರಡು ಹಿಂಗಾಲು, ಒಂದು ಬಾಲ, ಹಾರುವ ಮಣ್ಣು. ಕರೆದರೆ ಕಿವುಡು! ಲರ್ಚರ್ ಮೈದಾನದಲ್ಲಿ ಮಿಂಚು, ಮನೆಯಲ್ಲಿ ಸೋಫಾ ಬಿಟ್ಟು ಏಳದು.

ಅಲ್ಲಿನ 2004ರ ಬೇಟೆ ಕಾಯ್ದೆ ಬೇಟೆನಾಯಿಗಳಿಂದ ನರಿಗೆ ರಕ್ಷಣೆ ಕೊಟ್ಟಿತು, ಇಲಿಗೆ ಕೊಡಲಿಲ್ಲ. ಪಾಪ, ವಕೀಲರು ಸಿಗಲಿಲ್ಲವೇನೋ!

ಸಾಕುವವರಿಗೊಂದು ಕಿವಿಮಾತು: ಮರಿಯಾಗಿದ್ದಾಗಲೇ ಕುರಿ, ಕೋಳಿಗಳ ಪರಿಚಯ ಮಾಡಿಸಿ. ತಾನಾಗಿಯೇ ಪರಿಚಯ ಮಾಡಿಕೊಂಡರೆ ಬಿಲ್ಲು ನಿಮ್ಮ ಹೆಸರಿಗೇ ಬರುತ್ತದೆ.