‘ನಾನು ಮಾಡ್ತೀನಿ ಬಿಡಿ’ ಸಾರ್

ನಮ್ಮ ಮೆಡಿಸಿನ್ ವಿಭಾಗದ ಮೀಟಿಂಗಿನಲ್ಲಿ ಹೊಸ ಕೆಲಸದ ಮಾತು ಬಂದರೆ ಎಲ್ಲರ ಕಣ್ಣೂ ಬಿಸ್ಕತ್ತಿನ ತಟ್ಟೆಯಲ್ಲಿ ನೆಟ್ಟುಹೋಗುತ್ತವೆ. ಆ ಮೌನ ಅರ್ಧ ನಿಮಿಷವೂ ಬಾಳುವುದಿಲ್ಲ. ಮೂಲೆಯಿಂದ ಒಂದು ಕೈ ಏಳುತ್ತದೆ: “ನಾನು ಮಾಡ್ತೀನಿ ಬಿಡಿ.” ಆ ಕೈ ಎದ್ದೇ ಏಳುತ್ತದೆಂಬ ಭರವಸೆಯ ಮೇಲೆಯೇ ನಮ್ಮ ವಿಭಾಗ ಇಷ್ಟು ವರ್ಷ ನಡೆದುಕೊಂಡು ಬಂದಿದೆ.

2020ರ ಲಾಕ್‌ಡೌನಿನಲ್ಲಿ ಪಿಜಿ ವಿದ್ಯಾರ್ಥಿಗಳೆಲ್ಲ ಕೋವಿಡ್ ವಾರ್ಡು ಸೇರಿ ಕ್ಲಾಸುಗಳು ನಿಂತಾಗ ಆನ್‌ಲೈನ್ ಪಾಠದ ಹೊಣೆಯೂ ಹಾಗೇ ಆ ಕೈಯ ಒಡೆಯರಾದ ನಮ್ಮ ಸಾರ್ ಹೆಗಲೇರಿತು. ಭತ್ಯೆಯಿಲ್ಲ, ಕೊನೆಗೊಂದು ಮೈಕೂ ಇಲ್ಲ. “ಬೀದೀಲಿ ಹೋಗೋ ಮಾರೀನ ಮನೆಗೆ ಕರೆಯೋದಂದ್ರೆ ಇವರಿಗೆ ಪ್ರಾಣ” ಎಂದರು ಮನೆಯವರು. ಮಾರಿ ನಡುಮನೆಯಲ್ಲೇ ಬಿಡಾರ ಹೂಡಿತು. ಹ್ಯಾರಿಸನ್‌ನ ವೈದ್ಯಗ್ರಂಥದ ಎರಡು ಸಂಪುಟ ಪೇರಿಸಿ ಮೇಲೆ ಫೋನು ಒರಗಿಸಿದರೆ ಸ್ಟುಡಿಯೊ ಸಿದ್ಧ. ಎರಡೂ ಸಂಪುಟ ಒಂದೇ ದಿನ ಬಳಕೆಗೆ ಬಂದದ್ದು ನಮ್ಮಲ್ಲಿ ಅದೇ ಮೊದಲಿರಬೇಕು.

“ಯೂಟ್ಯೂಬಲ್ಲಿ ಬೇಕಾದಷ್ಟಿದೆಯಲ್ಲ ಸಾರ್?” ಎಂದು ಕೇಳಿ ಬೈಸಿಕೊಂಡೆ. “ಅಮೆರಿಕದವರು ಮೈಟ್ರಲ್ ಸ್ಟೆನೋಸಿಸ್ಸನ್ನ ಅಪರೂಪದ ಕಾಯಿಲೆ ಅಂತಾರೆ. ನಮ್ಮ ಓಪಿಡೀಲಿ ಅದು ಚೀಟಿ ಹಿಡ್ಕೊಂಡು ಕ್ಯೂ ನಿಂತಿರತ್ತೆ. ಚಿಕ್ಕಂದಿನಲ್ಲಿ ಗಂಟಲು ನೋವು, ಕೀಲು ಊತ ಅಂತ ಬಂದ ರುಮ್ಯಾಟಿಕ್ ಜ್ವರ ದೊಡ್ಡೋರಾದ ಮೇಲೆ ಹೃದಯದ ಕವಾಟಕ್ಕೆ ಬಂದು ಕೂರತ್ತೆ. ನಮ್ಮ ಹುಡುಗರಿಗೆ ನಾವೇ ಹೇಳ್ಬೇಕಯ್ಯ!” ಬೈಗುಳದಲ್ಲಿ ನ್ಯಾಯವಿತ್ತು.

ಆದರೆ ಆ ಹುಡುಗರು 36 ಗಂಟೆ ಡ್ಯೂಟಿ ಮುಗಿಸಿ ಬಂದವರು. ಮೊದಲ ಪಾಠಕ್ಕೆ 22 ಜನ ಹಾಜರ್, 22 ಕ್ಯಾಮೆರಾ ಬಂದ್. ಹತ್ತನೇ ನಿಮಿಷಕ್ಕೆ ಯಾರದೋ ಮೈಕಿನಿಂದ ಗೊರಕೆ. ಬೇರೆಯವರಾಗಿದ್ದರೆ ಸಿಡುಕುತ್ತಿದ್ದರು. ಸಾರ್ ಪಾಠ ನಿಲ್ಲಿಸಿ ಕಿವಿಗೊಟ್ಟು ಕೇಳಿದರು. “ನಡುನಡುವೆ ಉಸಿರು ನಿಲ್ತಿದೆ, ಗಮನಿಸಿದ್ರಾ? ಎಣಿಸಿ. ಹತ್ತು ಸೆಕೆಂಡು ದಾಟಿದ್ರೆ ಆಪ್ನಿಯಾ.” ಅಂದಿನ ಪಾಠ ಅದೇ ಆಯಿತು. ರೋಗಿಯೊಬ್ಬನನ್ನು ಬಿಟ್ಟು ಮಿಕ್ಕವರೆಲ್ಲ ಕಲಿತರು.

ಆಮೇಲೆ ರೆಕಾರ್ಡ್ ಮಾಡಿ ಹಾಕತೊಡಗಿದರು. ಪಿಜಿಗಳು ಅದನ್ನು ಎರಡರಷ್ಟು ವೇಗದಲ್ಲಿ ನೋಡುತ್ತಾರೆ. ಆಗ ಸಾರ್ ಮಾಮೂಲಿ ಮನುಷ್ಯರಂತೆ ಮಾತಾಡುತ್ತಾರಂತೆ.

ಮೈಟ್ರಲ್ ಪಾಠ ಮಾತ್ರ ಯಾರೂ ಓಡಿಸುವುದಿಲ್ಲ. “ರೋಗೀನ ಎಡ ಮಗ್ಗುಲಿಗೆ ಹೊರಳಿಸಿ. ಮೆಲ್ಲಗೆ ಗುಡುಗುಡು ಅನ್ನತ್ತೆ, ದೂರದ ಮರದ ಸೇತುವೆ ಮೇಲೆ ಎತ್ತಿನ ಗಾಡಿ ಹೋದಂಗೆ. ಸ್ಟೆತಾಸ್ಕೋಪಿನ ಡಯಾಫ್ರಮ್ಮಿಗೆ ಅದು ಸಿಕ್ಕಲ್ಲ. ಅದಕ್ಕೆ ಬೇಕಾದ್ದು...” ಎಂದು ಬೆರಳೆತ್ತುವುದಕ್ಕೂ ಬಾಗಿಲಲ್ಲಿ ಟಿಣ್ ಟಿಣ್ ಎನ್ನುವುದಕ್ಕೂ ಸರಿಹೋಯಿತು.

“ಬೆಲ್!” ಎಂದರು ಸಾರ್.

“ಹಾಲೂ!” ಎಂದಿತು ಹೊರಗಿನ ದನಿ.

ಕತ್ತರಿಸುವ ವಿದ್ಯೆ ಗೊತ್ತಿಲ್ಲದೆ ಹಾಗೇ ಅಪ್‌ಲೋಡ್ ಮಾಡಿಬಿಟ್ಟರು.

ಮೂರು ವರ್ಷ ಕಳೆದು ಅದೇ ಬ್ಯಾಚಿನ ಎಂಡಿ ಪರೀಕ್ಷೆ. ಹೊರಗಿನಿಂದ ಬಂದ ಪರೀಕ್ಷಕರು ಒಬ್ಬ ಹುಡುಗಿಯನ್ನು ಕೇಳಿದರು: “ಈ ಮೈಟ್ರಲ್ ಮರ್ಮರ್ ಯಾವುದರಲ್ಲಿ ಕೇಳ್ತೀಯಮ್ಮ?”

“ಬೆಲ್, ಸಾರ್” ಎಂದವಳು ತುಟಿ ಕಚ್ಚಿಕೊಂಡಳು. ಬಾಗಿಲ ಬಳಿ ಕಾದಿದ್ದವರಲ್ಲಿ ಯಾರೋ ತಡೆಯಲಾರದೆ ಮೆಲ್ಲಗೆ, “ಹಾಲು” ಎಂದರು.

ಪರೀಕ್ಷಕರು ತಲೆಯೆತ್ತದೆ, “ಬೇಡಪ್ಪ, ನಂಗೆ ಕಾಫಿ ಸಾಕು” ಎಂದರು.