ರಾತ್ರಿ ಪಾಳಿಗೆ ನಾಯಿ ಬೇಕಾಗಿದೆ

ನಮ್ಮ ಕಡೆ ನಾಯಿ ಸತ್ತರೆ ಸುದ್ದಿಯಲ್ಲ, ಸಾಯುವುದು ಸಿಸಿಟಿವಿಯಲ್ಲಿ ಸಿಕ್ಕರೆ ಸುದ್ದಿ. ನಡುರಾತ್ರಿ ಅಂಗಳದ ಮೂಲೆಯಿಂದ ಮಚ್ಚೆ ಮೈಯೊಂದು ಬಂದು, ಕಟ್ಟಿದ ನಾಯಿಯ ಕುತ್ತಿಗೆ ಹಿಡಿದು ಕಂಪೌಂಡ್ ಹಾರುತ್ತದೆ. ಆ ವಿಡಿಯೊ ಬೆಳಗಿನ ಚಹಾದ ಹೊತ್ತಿಗೆ ಬೈಲಹೊಂಗಲದಲ್ಲಿರುತ್ತದೆ, ನಾಷ್ಟಾಕ್ಕೆ ಕಿತ್ತೂರು ಮುಟ್ಟುತ್ತದೆ, ಮಧ್ಯಾಹ್ನ ಸವದತ್ತಿಯಲ್ಲಿ ‘ನಮ್ಮ ಊರಿನದು’ ಆಗಿ, ಸಂಜೆ ರಾಮದುರ್ಗದಲ್ಲಿ ‘ನಮ್ಮ ಓಣಿಯದು’ ಆಗುತ್ತದೆ. ಹಿಂದೆ ಮರಾಠಿ ಬೋರ್ಡು ಕಾಣುತ್ತಿದ್ದರೂ ಯಾರೂ ತಕರಾರು ತೆಗೆಯುವುದಿಲ್ಲ. ಬೋರ್ಡಿನ ಭಾಷೆಗಾಗಿ ವರ್ಷಕ್ಕೊಮ್ಮೆಯಾದರೂ ಬಸ್ಸು ನಿಲ್ಲಿಸುವ ಜಿಲ್ಲೆ ನಮ್ಮದು. ಚಿರತೆಯ ವಿಡಿಯೊ ಬಂದಾಗ ಮಾತ್ರ ಎಲ್ಲರೂ ಭಾಷಾತೀತರು.

ಆಮೇಲೆ ಹೆಜ್ಜೆ ನೋಡುವ ಕಾರ್ಯಕ್ರಮ. ಕಬ್ಬಿನ ಹೊಲದ ಬದುವಿನಲ್ಲಿ ಕೆಸರು ಇದ್ದಲ್ಲೆಲ್ಲ ಹೆಜ್ಜೆ ಇದ್ದೇ ಇರುತ್ತದೆ. ಫಾರೆಸ್ಟ್ ಗಾರ್ಡ್ ಬಗ್ಗಿ ನೋಡಿ, ‘ಉಗುರು ಮೂಡ್ಯಾವ್ರಿ, ಇದು ನಾಯಿ ಹೆಜ್ಜಿ’ ಅಂದರೆ ನೆರೆದವರ ಮುಖ ಬಾಡುತ್ತದೆ. ಚಿರತೆ ನಡೆಯುವಾಗ ಉಗುರು ಒಳಗೆಳೆದುಕೊಳ್ಳುತ್ತದೆ, ನಾಯಿಗೆ ಆ ಸೌಲಭ್ಯ ಇಲ್ಲ. ಇಷ್ಟು ಸರಳ ವಿಷಯವನ್ನು ಊರು ಒಪ್ಪುವುದಿಲ್ಲ, ಯಾಕೆಂದರೆ ನಾಯಿ ಹೆಜ್ಜೆಯಿಂದ ಊರಿನ ಹೆಸರು ಪೇಪರಿನಲ್ಲಿ ಬರುವುದಿಲ್ಲ. ‘ಹುಲಿ ಬಂದೈತಿ’ ಅಂದರೆ ಸಾಲಿಗೆ ರಜೆ, ಟಿವಿಯವರ ಕಾರು, ಶಾಸಕರ ಭೇಟಿ. ‘ನಾಯಿ ಬಂದೈತಿ’ ಅಂದರೆ ಕಲ್ಲು.

ಈ ಕಲ್ಲಿನ ಆಸಾಮಿಯೇ ನಮ್ಮ ಮನೆ ಕಾಯುವವನು. ತೋಟದ ಮನೆಯೊಂದರ ರಾತ್ರಿಯ ವ್ಯವಸ್ಥೆ ನೋಡಿ. ಬೈಕು ಒಳಗೆ. ಆಡು ಒಳಗೆ. ಕೋಳಿ ಬುಟ್ಟಿಯ ಕೆಳಗೆ, ಬುಟ್ಟಿಯ ಮೇಲೆ ಕಲ್ಲು. ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಗೆ ಬೀಗ. ಬಾಗಿಲಿಗೆ ಅಗಳಿ, ಅಗಳಿಯ ಹಿಂದೆ ಮನೆಯ ಯಜಮಾನರು. ನಾಯಿ ಮಾತ್ರ ಹೊರಗೆ, ನಾಲ್ಕು ಮೊಳ ಸರಪಳಿಯಲ್ಲಿ. ಹೆಸರು ಟೈಗರ್. ಕಳ್ಳ ಬಂದರೆ ಬೊಗಳು, ಚಿರತೆ ಬಂದರೂ ಬೊಗಳು ಎಂಬುದು ಅದಕ್ಕಿರುವ ಆಜ್ಞೆ. ಓಡು ಎಂಬುದಕ್ಕೆ ಸರಪಳಿ ಬಿಡುವುದಿಲ್ಲ. ಬೊಗಳಿದ್ದರಿಂದಲೇ ಚಿರತೆಗೆ ವಿಳಾಸ ಸಿಗುತ್ತದೆ. ಎರಡು ಹೊತ್ತು ರೊಟ್ಟಿ ಹಾಕಿ, ಬೆಳೆಸಿ, ಕಟ್ಟಿ, ಸದ್ದು ಮಾಡಲು ಕಲಿಸಿ ಇಟ್ಟ ಇಂಥ ಊಟವನ್ನು ಕಾಡಿನಲ್ಲಿ ಯಾವ ಜಿಂಕೆಯೂ ಚಿರತೆಗೆ ಬಡಿಸಿಲ್ಲ.

ಮಹಾರಾಷ್ಟ್ರದ ಅಕೋಲೆ ನಮ್ಮ ಹಾಗೆಯೇ ಕಬ್ಬು ಬೆಳೆಯುವ ಸೀಮೆ. ಅಲ್ಲಿ ವಿದ್ಯಾ ಅತ್ರೇಯ ಮತ್ತು ಸಂಗಡಿಗರು ಚಿರತೆಯ ಹಿಕ್ಕೆ ಹೆಕ್ಕಿ ಅದರ ಊಟದ ಲೆಕ್ಕ ಹಾಕಿದರು. ತೂಕದಲ್ಲಿ ಹೇಳುವುದಾದರೆ ಅದು ತಿಂದದ್ದರಲ್ಲಿ ಶೇ 87ರಷ್ಟು ಸಾಕುಪ್ರಾಣಿಗಳು. ಒಟ್ಟು ಊಟದಲ್ಲಿ ನಾಯಿಯ ಪಾಲೇ ಶೇ 39. ನಾಯಿಗಿಂತ ಏಳು ಪಟ್ಟು ಹೆಚ್ಚಿದ್ದ ಆಡಿನ ಪಾಲು ಬರೀ ಶೇ 11. ಆಡನ್ನು ನಾವು ರಾತ್ರಿ ಒಳಗೆ ಕೂಡಿ ಹಾಕುತ್ತೇವೆ, ಮಾರಿದರೆ ದುಡ್ಡು ಬರುತ್ತದೆ. ನಾಯಿಯನ್ನು ಮಾರಲು ಬರುವುದಿಲ್ಲ, ಆದ್ದರಿಂದ ಅದಕ್ಕೆ ಬಾಗಿಲೂ ಇಲ್ಲ. ಚಿರತೆಗೆ ಸಂತೆಯ ಧಾರಣೆ ಗೊತ್ತಿಲ್ಲದಿದ್ದರೂ ಅಗಳಿ ಹಾಕಿದ ಬಾಗಿಲು ಯಾವುದು ಎಂದು ಚೆನ್ನಾಗಿ ಗೊತ್ತು.

ಸಂತೆಯ ಧಾರಣೆ ಸರ್ಕಾರಕ್ಕೆ ಗೊತ್ತು. ಕಾಡುಪ್ರಾಣಿ ದನ, ಎಮ್ಮೆ, ಕುರಿ, ಆಡು ಕೊಂದರೆ ‘ದಯಾತ್ಮಕ ಧನ’ ಎಂಬುದುಂಟು. ನಾಯಿಗೆ ಆ ದಯೆಯಲ್ಲಿ ಕಾಲಮ್ಮಿಲ್ಲ. ಆದರೂ ಒಬ್ಬ ಮುದುಕ ಅರ್ಜಿ ಹಿಡಿದು ಹೋದ ಎಂದುಕೊಳ್ಳಿ.

‘ಸಾಹೇಬ್ರ, ನಮ್ಮ ಟೈಗರ್‌ನ ಒಯ್ದೈತ್ರಿ.’

‘ಏನು ಒಯ್ತು?’

‘ಚಿರತಿ ಇರಬೇಕ್ರಿ. ಸರಪಳಿ ಅಷ್ಟ ಉಳದೈತಿ.’

‘ಸತ್ತ ಪ್ರಾಣಿ ಎಲ್ಲೈತಿ?’

‘ಅದನ್ನ ತಿಂದೈತ್ರಿ.’

‘ತಿಂದದ್ದಕ್ಕ ಪುರಾವೆ?’

‘ಅದರ ಹೊಟ್ಟ್ಯಾಗ ಐತ್ರಿ.’

‘ಹಂಗಾದ್ರ ಪಂಚನಾಮೆ ಹ್ಯಾಂಗ ಮಾಡೂದು ಮುತ್ಯಾ? ಆಡು ಏನರ ಹೋಗ್ಯಾವೇನು?’

‘ಇಲ್ರಿ, ಆಡು ಒಳಗ ಕಟ್ಟಿದ್ವಿ.’

‘ಅದ ತಪ್ಪಾತು ನೋಡು.’

ಅತ್ತ ಬೆಳಗಾವಿಯವರು ಇಂಥ ಸಣ್ಣ ಅರ್ಜಿಗಳ ಮಟ್ಟದಲ್ಲಿ ಯೋಚಿಸುವವರಲ್ಲ. 2022ರ ಆಗಸ್ಟ್ 5ರಂದು ಜಾಧವ ನಗರದಲ್ಲಿ ಕಟ್ಟಡ ಕಾರ್ಮಿಕನೊಬ್ಬನ ಮೇಲೆ ಎರಗಿದ ಚಿರತೆ ಗಾಲ್ಫ್ ಮೈದಾನ ಹೊಕ್ಕಿತು. ಸುತ್ತಲಿನ 22 ಶಾಲೆಗಳು ಮುಚ್ಚಿದವು. ಡ್ರೋನ್ ಹಾರಿತು, ಬೋನು ಇಟ್ಟರು, ಕ್ಯಾಮೆರಾ ಕಟ್ಟಿದರು. ಶಿವಮೊಗ್ಗದ ಸಕ್ರೆಬೈಲು ಬಿಡಾರದಿಂದ ಅರ್ಜುನ ಮತ್ತು ಆಲೆ ಎಂಬ ಎರಡು ಆನೆ ಬಂದವು. ಗಾಲ್ಫ್ ಆಡಲು ಬಾರದವರೂ ಜೀವನದಲ್ಲಿ ಮೊದಲ ಸಲ ಮೈದಾನದ ಉದ್ದಗಲ ಬಾಯಿಪಾಠ ಮಾಡಿದರು. ವಾರಗಟ್ಟಲೆ ನಡೆದ ಈ ದಂಡಯಾತ್ರೆಯ ಫಲ: ಚಿರತೆ ಸಿಗಲಿಲ್ಲ. ಆನೆಗಳು ವಾಪಸು ಹೋದವು, ಮಕ್ಕಳು ಶಾಲೆಗೆ ವಾಪಸು ಬಂದರು. ಚಿರತೆ ಎಲ್ಲಿಗೆ ಹೋಯಿತೆಂದು ಅದು ಯಾರಿಗೂ ವರದಿ ಒಪ್ಪಿಸಿಲ್ಲ. ಅದರ ಹಿಂದಿನ ವರ್ಷ, 2021ರ ಸೆಪ್ಟೆಂಬರ್‌ನಲ್ಲಿ, ಹುಬ್ಬಳ್ಳಿಯ ನೃಪತುಂಗ ಬೆಟ್ಟದಲ್ಲಿ ಕಂಡ ಚಿರತೆಯದೂ ಹೆಚ್ಚುಕಡಿಮೆ ಇದೇ ಕಥೆ. ಧಾರವಾಡದ ಹತ್ತಿರ ಕವಲಗೇರಿಯ ಕಬ್ಬಿನಲ್ಲಿ ಒಂದು ಸಿಕ್ಕಿತು, ಇದು ಅದೇನಾ ಬೇರೇನಾ ಎಂಬ ಚರ್ಚೆ ಬೋನಿಗಿಂತ ಹೆಚ್ಚು ದಿನ ಬಾಳಿತು. ಕವಲಗೇರಿಯಿಂದ ಕಿತ್ತೂರು ಎಷ್ಟು ದೂರ? ಚಿರತೆಗೆ ಒಂದೆರಡು ರಾತ್ರಿ. ಅದು ಟೋಲ್ ಕೂಡ ಕಟ್ಟುವುದಿಲ್ಲ.

‘ಕಾಡು ಬಿಟ್ಟು ನಾಡಿಗೆ ಬಂದ ಚಿರತೆ’ ಎಂದು ತಲೆಬರಹ ಕೊಡುವುದು ಪತ್ರಿಕೆಗಳ ಹಳೆಯ ಚಟ. ಕಾಡು ಬಿಟ್ಟು ಬಂದದ್ದು ಅದರ ಅಜ್ಜಿ ಇರಬೇಕು. ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟೆ ಮುಗಿದದ್ದು 1972ರ ಸುಮಾರಿಗೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದೂ 1972ರಲ್ಲಿ. ಮೊದಲನೆಯದು ಚಿರತೆಗೆ ಕಬ್ಬು ಕೊಟ್ಟಿತು, ಎರಡನೆಯದು ಅದನ್ನು ಕೊಲ್ಲಬೇಡಿ ಎಂದಿತು. ಇಷ್ಟು ಚೊಕ್ಕ ಯೋಜನೆಯನ್ನು ಯಾವ ಸರ್ಕಾರವೂ ಬುದ್ಧಿಪೂರ್ವಕವಾಗಿ ಮಾಡಿರಲಾರದು. ಆಳೆತ್ತರದ ಕಬ್ಬು, ವರ್ಷದ ಹೆಚ್ಚಿನ ತಿಂಗಳು ಯಾರೂ ಒಳಹೊಕ್ಕು ನೋಡದ ನೆರಳು, ಪಕ್ಕದಲ್ಲಿ ನೀರು. ಮರಿ ಹಾಕಲು ಇದಕ್ಕಿಂತ ಒಳ್ಳೆ ಬಾಣಂತಿ ಕೋಣೆ ಭೀಮಗಡದಲ್ಲೂ ಸಿಗುವುದಿಲ್ಲ. ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಕಾರ್ಖಾನೆಗೆ ಕಬ್ಬು ಹೊರಡುವ ಕಟಾವಿನ ಹಂಗಾಮಿನಲ್ಲಿ ಮನೆ ಕಳೆದುಕೊಂಡ ಚಿರತೆ ಅಂಚಿನ ಮನೆಗಳ ಕಡೆ ನೋಡುತ್ತದೆ. ಅಲ್ಲಿ ಟೈಗರ್ ಕಾಯುತ್ತಿರುತ್ತಾನೆ.

ಊರೊಳಗಿನ ಪಾಕಶಾಲೆ ನಮ್ಮ ಪುರಸಭೆಗಳದು. ಚಿಕನ್ ಅಂಗಡಿಯವನು ಸಂಜೆ ಚೀಲ ತುಂಬ ಪುಚ್ಚ, ಕರುಳು ಒಯ್ದು ಊರ ಹೊರಗಿನ ಹಳ್ಳದ ದಂಡೆಗೆ ಸುರಿಯುತ್ತಾನೆ. ಮಂಗಲ ಕಾರ್ಯಾಲಯದವರು ಮದುವೆ ಎಲೆ ಅಲ್ಲಿಗೇ ಕಳಿಸುತ್ತಾರೆ. ನಾಯಿ ಬೆಳೆಯುತ್ತವೆ, ಮರಿ ಹಾಕುತ್ತವೆ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಅವುಗಳನ್ನು ಹಿಡಿದು, ಶಸ್ತ್ರಚಿಕಿತ್ಸೆ ಮಾಡಿ, ರೇಬಿಸ್ ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಬೇಕು. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದಂಥ ಜಾಗಗಳ ನಾಯಿಗಳನ್ನು ಮಾತ್ರ ಅಲ್ಲಿ ವಾಪಸು ಬಿಡಬೇಡಿ, ಆಶ್ರಯ ತಾಣಕ್ಕೆ ಒಯ್ಯಿರಿ ಎಂದಿತು. ಆಶ್ರಯ ತಾಣ ಎಲ್ಲಿದೆ ಎಂದು ಕೇಳಿದರೆ ಕಡತದಲ್ಲಿದೆ. ಅಷ್ಟರಲ್ಲಿ ಈ ಕೆಲಸಕ್ಕೆ ಟೆಂಡರ್ ಹಾಕದೆ, ಬಿಲ್ ಕೊಡದೆ, ಮುಂಗಡ ಕೇಳದೆ ಇಳಿದಿರುವ ಏಕೈಕ ಗುತ್ತಿಗೆದಾರ ಚಿರತೆ. ಮುಂಬೈನ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಚಿರತೆಗಳು ವರ್ಷಕ್ಕೆ ಸುಮಾರು 1,500 ನಾಯಿ ತಿಂದು, ಸುಮಾರು ಸಾವಿರ ನಾಯಿಕಡಿತ ತಪ್ಪಿಸುತ್ತವೆ ಎಂದು 2018ರಲ್ಲಿ ಸಂಶೋಧಕರು ಅಂದಾಜು ಮಾಡಿದ್ದಾರೆ. ಇಷ್ಟು ಪ್ರಗತಿ ಸಾಧಿಸಿದ ಮುಖ್ಯಾಧಿಕಾರಿ ಇದ್ದಿದ್ದರೆ ಇಷ್ಟೊತ್ತಿಗೆ ಶಾಲು, ಹಣ್ಣಿನ ಬುಟ್ಟಿ, ವರ್ಗಾವಣೆ ಮೂರೂ ಆಗಿರುತ್ತಿದ್ದವು.

ಹಿಡಿದು ದೂರ ಬಿಟ್ಟರಾಯಿತಲ್ಲ ಎನ್ನುವವರು ಎಲ್ಲ ಕಟ್ಟೆಗಳಲ್ಲೂ ಇದ್ದಾರೆ. ಪುಣೆ ಜಿಲ್ಲೆಯ ಜುನ್ನರದಲ್ಲಿ ಅದನ್ನೇ ಮಾಡಿದರು. 2001ರಿಂದ ಕಬ್ಬಿನ ಚಿರತೆಗಳನ್ನು ಹಿಡಿಹಿಡಿದು ಕಾಡಿಗೆ ಬಿಟ್ಟರು. ಅದಕ್ಕೆ ಮುಂಚೆ ವರ್ಷಕ್ಕೆ ಸರಾಸರಿ 4ರಷ್ಟಿದ್ದ ಮನುಷ್ಯರ ಮೇಲಿನ ದಾಳಿ 17ಕ್ಕೆ ಏರಿತು. ಪರಿಚಯವಿಲ್ಲದ ಊರಿಗೆ ಎತ್ತಿ ಹಾಕಿದರೆ ಚಿರತೆಯೂ ಸಿಟ್ಟಿಗೇಳುತ್ತದೆ, ಶಿಕ್ಷೆಯ ವರ್ಗಾವಣೆಯಾದ ಗುಮಾಸ್ತನ ಹಾಗೆ. ನಾವು ಮಾತ್ರ ಇಂದಿಗೂ ಬೈಲಹೊಂಗಲದ್ದನ್ನು ಖಾನಾಪುರದವರಿಗೆ ದಾನ ಮಾಡಲು ತುದಿಗಾಲಲ್ಲಿ ನಿಂತಿದ್ದೇವೆ. ಖಾನಾಪುರದವರನ್ನು ಯಾರೂ ಕೇಳಿಲ್ಲ.

ಅದೇ ಮಹಾರಾಷ್ಟ್ರದಿಂದ 2025ರ ಡಿಸೆಂಬರ್‌ನಲ್ಲಿ ಇನ್ನೂ ಒಳ್ಳೆಯ ಉಪಾಯ ಬಂತು. ಸತ್ತವರ ಮನೆಗಳಿಗೆ ಒಟ್ಟು ಕೋಟಿ ರೂಪಾಯಿ ಪರಿಹಾರ ಕೊಡುವ ಬದಲು ಕಾಡಿಗೆ ಕೋಟಿ ರೂಪಾಯಿಯ ಆಡು ಬಿಡಿ, ಚಿರತೆ ಊರಿಗೆ ಬರುವುದಿಲ್ಲ ಎಂದು ಅಲ್ಲಿನ ಅರಣ್ಯ ಸಚಿವರು ಹೇಳಿದರು. ಡಿಸೆಂಬರ್‌ನಲ್ಲಿ ನಮ್ಮ ಸುವರ್ಣ ಸೌಧದಲ್ಲೂ ಅಧಿವೇಶನ ಇರುತ್ತದೆ. ಗಾಳಿ ಆ ಕಡೆಯಿಂದ ಈ ಕಡೆ ಬೀಸಲು ಎಷ್ಟು ಹೊತ್ತು? ನನಗೆ ಈ ಯೋಜನೆ ಬಹಳ ಮೆಚ್ಚುಗೆಯಾಯಿತು. ಆಡು ಖರೀದಿ ಸಮಿತಿ, ಆಡು ಸಾಗಣೆ ಗುತ್ತಿಗೆ, ಆಡಿಗೆ ಕಿವಿಯೋಲೆ, ಆಡು ಬಿಡುವ ಸಮಾರಂಭ, ಬಿಟ್ಟ ಆಡು ಎಣಿಸಲು ಮೂರನೇ ಪಕ್ಷದ ತಪಾಸಣೆ. ಕಾಡು ಮುಟ್ಟುವಷ್ಟರಲ್ಲಿ ಚಿರತೆಗೆ ಉಳಿಯುವುದು ಗಂಟೆಯ ಸಪ್ಪಳ. ಲೆಕ್ಕಪತ್ರದಲ್ಲಿ ಮಾತ್ರ ಎಲ್ಲವನ್ನೂ ಚಿರತೆಯೇ ತಿಂದಿರುತ್ತದೆ, ಅದಕ್ಕೆ ಸಹಿ ಹಾಕಲು ಬರುವುದಿಲ್ಲವಲ್ಲ.

ಸವದತ್ತಿ, ರಾಮದುರ್ಗದ ಒಣ ಗುಡ್ಡಗಳ ಕಡೆಗೆ ಹೋದರೆ ಆರೋಪಿ ಬದಲಾಗುತ್ತಾನೆ. ಅಲ್ಲಿ ಕುರುಬರ ಬಾಯಲ್ಲಿ ತೋಳ. ಕುರಿ ದಡ್ಡಿಯಿಂದ ಒಂದು ಮರಿ ಹೋದರೆ ತೋಳದ ಲೆಕ್ಕಕ್ಕೆ, ಎರಡು ಹೋದರೂ ತೋಳದ ಲೆಕ್ಕಕ್ಕೆ. ಊರ ನಾಯಿಗಳು ಹಿಂಡು ಕಟ್ಟಿಕೊಂಡು ಹೊಕ್ಕು ಕೊಂದದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ, ಯಾಕೆಂದರೆ ಬೆಳಿಗ್ಗೆ ಅವು ಚಹಾದಂಗಡಿ ಮುಂದೆ ಬಿಸ್ಕೀಟಿಗೆ ಬಾಲ ಅಲ್ಲಾಡಿಸುತ್ತ ಕೂತಿರುತ್ತವೆ. ಇಲ್ಲಿ ಬೇಟೆಗಾರ ಯಾರು, ಸಾಕುಪ್ರಾಣಿ ಯಾರು ಎಂದು ತೋಳವನ್ನು ಕೇಳಬೇಕು. ನಮ್ಮ ನಾಯಿಗಳು ಅದನ್ನು ಅಟ್ಟಿಸುತ್ತವೆ, ಅದರ ಪಾಲಿನ ಮೊಲ ಹಿಡಿಯುತ್ತವೆ, ರೇಬಿಸ್ಸು, ಡಿಸ್ಟೆಂಪರ್ ಅಂಟಿಸುತ್ತವೆ. ಕಾನೂನಿನ ಒಂದನೇ ಅನುಸೂಚಿಯಲ್ಲಿ ತೋಳಕ್ಕೆ ಚಿರತೆಯ ಪಕ್ಕದಲ್ಲೇ ಕುರ್ಚಿ ಇದೆ. ಅದರ ಕುರ್ಚಿ ಕಾಗದದ್ದು, ನಾಯಿಯದು ಚಹಾದಂಗಡಿಯದು.

ರಾಮದುರ್ಗದಿಂದ ಅನತಿ ದೂರದ ಮುಧೋಳದಲ್ಲಿ ಸೈನ್ಯಕ್ಕೆ ಹೋದ ನಾಯಿತಳಿ ಇದೆ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದದ್ದು. ನೋಟದಿಂದ ಬೇಟೆ ಹಿಡಿದು ಓಡುವ ಈ ನಾಯಿಯನ್ನು ಕೊಂಡು ತಂದು, ಓಟವೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಮಾಡಿಸುವ ಶೋಕಿಲಾಲರು ಬೈಲಹೊಂಗಲದಲ್ಲಿದ್ದಾರೆ. ಇನ್ನು ಕೆಲವರು ಕೂದಲಿನ ಉಂಡೆಯಂಥ ಶಿಹ್ ತ್ಸು ತಂದಿದ್ದಾರೆ. ರಾಮದುರ್ಗದ ಏಪ್ರಿಲ್‌ನಲ್ಲಿ ಅದನ್ನು ಕೊಲ್ಲಲು ಚಿರತೆಯೇ ಬರಬೇಕೆಂದಿಲ್ಲ.

ಹಿಮಾಲಯದ ಕುರಿಗಾಹಿಗಳು ತಮ್ಮ ಭೋಟಿಯಾ ನಾಯಿಯ ಕೊರಳಿಗೆ ಮೊನೆಯಿರುವ ಕಬ್ಬಿಣದ ಪಟ್ಟಿ ತೊಡಿಸುತ್ತಾರೆ, ಚಿರತೆ ಹಿಡಿಯುವುದು ಕುತ್ತಿಗೆಯನ್ನೇ ಎಂದು ಬಲ್ಲವರು ಅವರು. ನಮ್ಮವರು ಟೈಗರ್‌ನ ಕೊರಳಿಗೆ ದೃಷ್ಟಿಯಾಗಬಾರದೆಂದು ಕರಿದಾರ ಕಟ್ಟುತ್ತಾರೆ. ದಾರ ಕೆಲಸ ಮಾಡಿದೆ, ಇಲ್ಲಿಯವರೆಗೆ ಯಾವ ಟೈಗರ್ ಕೂಡ ದೃಷ್ಟಿ ತಗುಲಿ ಸತ್ತಿಲ್ಲ.

ಕೊನೆಗೂ ಜನ ಗಲಾಟೆ ಮಾಡಿ ಬೋನು ತರಿಸುತ್ತಾರೆ. ಬೋನಿಗೆ ಎರಡು ಖೋಲಿ. ಮುಂದಿನದು ಚಿರತೆಗೆ, ಹಿಂದಿನದು ಆಮಿಷದ ನಾಯಿಗೆ, ನಡುವೆ ಗಟ್ಟಿ ಸರಳು. ಚಿರತೆ ಒಳಹೊಕ್ಕರೂ ನಾಯಿಯ ಕೂದಲು ಕೊಂಕಬಾರದು ಎಂದು ಲೆಕ್ಕ ಹಾಕಿ ಮಾಡಿದ್ದು. ಅಂದರೆ ಚಿರತೆಯಿಂದ ನಾಯಿಯನ್ನು ಉಳಿಸುವ ಗೂಡು ಹೇಗಿರಬೇಕೆಂಬ ವಿದ್ಯೆ ಸರ್ಕಾರದ ಬಳಿ ಮೊದಲಿನಿಂದಲೂ ಇದೆ. ಅದನ್ನು ಚಿರತೆ ಹಿಡಿಯುವಾಗ ಮಾತ್ರ ಹೊರತೆಗೆಯುತ್ತಾರೆ. ತಾಲ್ಲೂಕಿನಲ್ಲಿ ಆ ರಾತ್ರಿಗಳಲ್ಲಿ ಕಬ್ಬಿಣದ ಸರಳಿನ ಹಿಂದೆ, ಸರ್ಕಾರಿ ಅನ್ನ ಉಂಡು ಮಲಗುವ ಯೋಗ ಆ ಒಂದು ನಾಯಿಗೆ. ಚಿರತೆ ಆ ಕಡೆ ಸುಳಿಯುವುದಿಲ್ಲ, ಅಂಗಳದಲ್ಲಿ ಕಟ್ಟಿ ಹಾಕಿದ್ದು ಸಿಗುವಾಗ ಬೋನಿನ ತನಕ ಯಾಕೆ ನಡೆಯಬೇಕು? ಹದಿನೈದು ದಿನಕ್ಕೆ ಬೋನು ಎತ್ತಲು ಟ್ರ್ಯಾಕ್ಟರ್ ಬರುತ್ತದೆ.

‘ಬೋನು ಒಯ್ಯಬ್ಯಾಡ್ರಿ ಸಾಹೇಬ್ರ’ ಎಂದು ಅದೇ ಮುತ್ಯಾ ಅಡ್ಡ ಬರುತ್ತಾನೆ, ಕಂಕುಳಲ್ಲಿ ಹೊಸ ಕುನ್ನಿ. ‘ಇದನ್ನ ಅದರಾಗ ಮಲಗಸ್ತೇನ್ರಿ.’

‘ಅದು ಚಿರತಿ ಹೆಸರಿಗೆ ಮಂಜೂರಾಗಿದ್ದು ಮುತ್ಯಾ,’ ಗಾರ್ಡ್ ಹಗ್ಗ ಬಿಗಿಯುತ್ತಾನೆ. ‘ನಾಯಿ ಹೆಸರೀಲೆ ಬೇಕಂದ್ರ ಬ್ಯಾರೆ ಅರ್ಜಿ ಕೊಡು. ಜೊತೀಗೆ ಚಿರತಿದೊಂದು ಫೋಟೊ ಹಚ್ಚು.’