ತೊಟ್ಟಿಯ ಗಿಡಕ್ಕೆ ಯಾವ ಮಣ್ಣು?

ಅಲ್ಲ ಅಕ್ಕ, ಆ ನೀಲಿ ಕಲ್ಲಿನ ಚೀಲ ಇನ್ನೂ ಬಿಚ್ಚಿಲ್ಲ ತಾನೇ? ಹಾಗಿದ್ರೆ ಅಂಗಡಿಗೆ ವಾಪಸ್ ಕಳಿಸಿಬಿಡಿ. ಬರೀ ಮೀನು ಸಾಕೋದಾದ್ರೆ ಬೇರೆ ಮಾತು. ಮಗಳು ಪ್ಲಾಸ್ಟಿಕ್ ಬೇಡ, ನಿಜವಾದ ಗಿಡವೇ ಬೇಕು ಅಂತ ಹಟ ಹಿಡಿದಿದಾಳೆ ಅಂದ್ರಲ್ಲ, ಹಾಗಾದ್ರೆ ಮೊದಲು ತಳದ ಯೋಚನೆ ಮಾಡಿ. ಲೈಟು ಸರಿಹೋಗದಿದ್ರೆ ನಾಳೆ ಬದಲಾಯಿಸಬಹುದು, ಫಿಲ್ಟರೂ ಅಷ್ಟೇ. ತಳ ಬದಲಾಯಿಸೋಕೆ ಹೊರಟ್ರೆ ಮೀನು, ಗಿಡ, ನೀರು ಎಲ್ಲಾ ಹೊರಗೆ ತೆಗೆದು ತೊಟ್ಟಿ ಬರಿದು ಮಾಡಬೇಕಾಗತ್ತೆ.

ಯಾವ ಗಿಡ ತರ್ತೀರಿ, ಅದನ್ನ ಹೇಳಿ. ಅನುಬಿಯಾಸು, ಜಾವಾ ಫರ್ನು ಆದ್ರೆ ಮಣ್ಣಿನ ಗೊಡವೆಯೇ ಇಲ್ಲ. ಅವುಗಳ ದಪ್ಪ ಕಾಂಡ ಹೂತರೆ ಕೊಳೆತೇ ಹೋಗತ್ತೆ. ಒಂದು ಕಲ್ಲಿಗೋ ಮರದ ತುಂಡಿಗೋ ದಾರದಲ್ಲಿ ಕಟ್ಟಿಬಿಟ್ರೆ ಸಾಕು. ಆದ್ರೆ ಅಮೆಜಾನ್ ಸ್ವೋರ್ಡು, ಕ್ರಿಪ್ಟೊಕೊರೈನು ಇವೆಲ್ಲ ಬೇರಿನಿಂದ ಉಣ್ಣೋ ಜಾತಿ. ಕ್ರಿಪ್ಟೊಕೊರೈನ್ ಅಂದ್ರೆ ವಿದೇಶದ್ದು ಅಂದ್ಕೋಬೇಡಿ, ಅದರ ಕೆಲವು ಜಾತಿ ನಮ್ಮ ಪಶ್ಚಿಮ ಘಟ್ಟದ ತೊರೆಗಳ ಕೆಸರಲ್ಲೇ ಬೆಳೆಯತ್ತೆ. ಮಣ್ಣಲ್ಲಿ ನೆಟ್ಟ ಗಿಡ ಒಂದನ್ನ ಕೆಲವು ತಿಂಗಳಾದ ಮೇಲೆ ಮೆಲ್ಲಗೆ ಎಳೆದು ನೋಡಿ. ಬೆಳ್ಳಗಿನ ಬೇರು ಗೇಣುದ್ದ ಬಂದಿರತ್ತೆ, ಒಂದೊಂದು ಎಳೆಯೂ ಒಂದಿಷ್ಟು ಮಣ್ಣು ಕಚ್ಚಿಕೊಂಡೇ ಮೇಲೆ ಬರತ್ತೆ. ಅದನ್ನ ಬರೀ ಕಲ್ಲಲ್ಲಿ ನೆಟ್ಟು ಸೊರಗಿಸೋದು ನನಗೆ ಸುತರಾಂ ಒಪ್ಪಿಗೆ ಇಲ್ಲ.

ಕಲ್ಲಲ್ಲೂ ನೋಡಿ ತಗೋಬೇಕು. ಅಮೃತಶಿಲೆ ಚೂರು ತೊಟ್ಟಿಗೆ ಹಾಕಿದ್ರೆ ಸುಣ್ಣ ನೀರಿಗೆ ಬಿಡ್ತಾ ಹೋಗತ್ತೆ. ನಮ್ಮ ಬೋರ್‌ವೆಲ್ ನೀರು ಮೊದಲೇ ಗಡಸು, ಅದರ ಮೇಲೆ ಇದು ಬೇರೆ. ಕಲ್ಲಿನ ಮೇಲೆ ನಿಂಬೆರಸ ಹಿಂಡಿ, ನೊರೆ ಎದ್ದರೆ ಅದು ಬೇಡ. ಮರಳೂ ತೀರಾ ನುಣುಪಾಗಿದ್ರೆ ದಪ್ಪಗೆ ಹಾಸಿದಾಗ ಗಟ್ಟಿಯಾಗಿ ಕೂತುಬಿಡತ್ತೆ, ಒಳಗೆ ಆಮ್ಲಜನಕ ಸುಳಿಯಲ್ಲ, ಕಪ್ಪು ತೇಪೆ ಬಂದು ಕೆದಕಿದ್ರೆ ಕೊಳೆತ ಮೊಟ್ಟೆ ನಾತ. ಎರಡು-ಮೂರು ಮಿಲಿಮೀಟರ್, ಅಂದ್ರೆ ಸಾಸಿವೆಗಿಂತ ಒಂಚೂರು ದಪ್ಪ, ಆ ಕಾಳಿನ ಕಲ್ಲೇ ವಾಸಿ.

ಅಂಗಡಿಯವರು ಆಕ್ವಾ ಸಾಯಿಲ್ ತಗೊಳ್ಳಿ ಅಂದ್ರಾ? ಒಳ್ಳೇದೇ, ಅದರಲ್ಲಿ ಎರಡು ಮಾತಿಲ್ಲ. ಜಪಾನಿನ ತಕಾಶಿ ಅಮಾನೊ ಅಂತ ಒಬ್ಬ ಛಾಯಾಗ್ರಾಹಕ ಇದ್ರು, ತೊಟ್ಟಿಯೊಳಗೆ ಕಾಡು, ಬೆಟ್ಟ ಎಲ್ಲಾ ಬೆಳೆಸಿ ತೋರಿಸಿದವರು. 2015ರಲ್ಲಿ ತೀರಿಕೊಂಡ್ರು. ಈ ಕಾಳು ಕಾಳಾದ ಮಣ್ಣು ಜನಪ್ರಿಯವಾಗಿದ್ದು ಅವರ ಕಂಪನಿಯಿಂದಲೇ. ಅದು ನೀರನ್ನ ಮೆದು ಮಾಡಿ, ಸ್ವಲ್ಪ ಆಮ್ಲೀಯವಾಗಿಯೂ ಇಡತ್ತೆ. ಆದ್ರೆ ನಮ್ಮಂಥ ಗಡಸು ನೀರಲ್ಲಿ ಆ ಗುಣ ಬೇಗ ಸವೆದುಹೋಗತ್ತೆ, ಬೆಲೆಯೋ ಕೈ ಸುಡತ್ತೆ. ಇನ್ನೊಂದು, ಮೊದಮೊದಲು ಅಮೋನಿಯಾ ಬಿಡತ್ತೆ ಅದು.

ನಾನು ಹೇಳೋದಾದ್ರೆ ನಿಮ್ಮ ಮಾವಿನ ಮರದ ಕೆಳಗಿನ ಮಣ್ಣೇ ಸಾಕು ಅಕ್ಕ. ಗಾಬರಿ ಬೀಳಬೇಡಿ, ಕದಡಲ್ಲ. ಅಮೆರಿಕದ ಡಯಾನಾ ವಾಲ್‌ಸ್ಟಡ್ ಅನ್ನೋ ಹೆಂಗಸು 1999ರಲ್ಲಿ ಇದರ ಮೇಲೇ ದೊಡ್ಡ ಪುಸ್ತಕ ಬರೆದಿದಾರೆ. ಕೆಳಗೆ ಸಾಧಾರಣ ಮಣ್ಣು, ಮೇಲೆ ಕಲ್ಲಿನ ಹೊದಿಕೆ, ಮಣ್ಣಿನ ಕಸಕಡ್ಡಿ ಕೊಳೆತು ಬಿಡೋ ಇಂಗಾಲದ ಡೈಆಕ್ಸೈಡೇ ಗಿಡಕ್ಕೆ ಆಹಾರ, ಮೀನಿನ ಹೊಲಸೂ ಗೊಬ್ಬರ. ಸಿಲಿಂಡರ್ ತಂದು ಗ್ಯಾಸ್ ಬಿಡೋ ಖರ್ಚಿಲ್ಲ.

ಯೂರಿಯಾ, ಡಿಎಪಿ ಬಿದ್ದ ಜಾಗದ ಮಣ್ಣು ಮಾತ್ರ ಮುಟ್ಟಬೇಡಿ. ಎರೆಗೊಬ್ಬರವೂ ಹೆಚ್ಚು ಬೇಡ, ನೀರೆಲ್ಲಾ ಪಾಚಿ ಕಟ್ಟತ್ತೆ. ಮಣ್ಣನ್ನ ಬಕೆಟ್ಟಲ್ಲಿ ನೆನೆಹಾಕಿ, ತೇಲೋ ಕಡ್ಡಿ, ಎಲೆ ತೆಗೆದು, ನೀರು ಬಸಿದು, ಒಣಗಿಸಿ, ಜರಡಿ ಹಿಡಿಯಿರಿ. ಮಂಗಳೂರು ಕಡೆ ಮನೆ ಕಟ್ತಾರಲ್ಲ, ಆ ಮುರಕಲ್ಲಿನ ಪುಡಿ ಸಿಕ್ಕರೆ ಒಂದು ಹಿಡಿ ಸೇರಿಸಿ. ಅದರಲ್ಲಿ ಕಬ್ಬಿಣ ಧಾರಾಳ. ಗಾಳಿ ಆಡದ ತಳದಲ್ಲಿ ಆ ಕಬ್ಬಿಣ ಬೇರಿಗೆ ದಕ್ಕೋ ರೂಪಕ್ಕೆ ತಿರುಗತ್ತೆ. 1980ರ ದಶಕದಲ್ಲಿ ಜರ್ಮನಿಯವರು ಇದನ್ನ ತೊಟ್ಟಿಗೆ ಹಾಕಿಯೇ ಗಿಡ ಬೆಳೆಸಿ ತೋರಿಸಿದ್ರು. ನಮಗೆ ಪಕ್ಕದ ಜಿಲ್ಲೆಯ ಕಲ್ಲು, ಅಲ್ಲಿ ಪ್ಯಾಕೆಟ್ ಕಟ್ಟಿ ಮಾರೋ ಸರಕು.

ಮಣ್ಣು ಒಂದು ಇಂಚು, ಮೇಲೆ ಕಲ್ಲು ಒಂದು ಇಂಚು, ಅದಕ್ಕಿಂತ ಹೆಚ್ಚು ಬೇಡ. ಹಿಂದುಗಡೆ ಸ್ವಲ್ಪ ಏರು ಕೊಟ್ಟರೆ ನೋಡೋಕೆ ಚೆಂದ. ನೀರು ತುಂಬುವಾಗ ಕಲ್ಲಿನ ಮೇಲೆ ಒಂದು ತಟ್ಟೆ ಇಟ್ಟು ಅದರ ಮೇಲೆ ನಿಧಾನಕ್ಕೆ ಸುರಿಯಿರಿ. ಮೊದಲ ವಾರಗಳಲ್ಲಿ ಕೆಳಗಿಂದ ಗುಳ್ಳೆ ಏಳತ್ತೆ, ಒಂದು ಕಡ್ಡಿಯಿಂದ ಅಲ್ಲಲ್ಲಿ ಮೆಲ್ಲಗೆ ಚುಚ್ಚಿ ಬಿಡಿ. ಕ್ರಿಪ್ಟೊಕೊರೈನ್ ಎಲೆ ಕರಗಿ ಹೋದ್ರೂ ಕಿತ್ತುಹಾಕಬೇಡಿ, ಬುಡ ಗಟ್ಟಿಯಿದ್ರೆ ಹೊಸ ಎಲೆ ಬರತ್ತೆ. ಅಮೋನಿಯಾ ನೋಡೋ ಕಿಟ್ ಅಂಗಡೀಲೇ ಸಿಗತ್ತೆ, ಸೊನ್ನೆ ತೋರಿಸೋ ತನಕ ಮೀನು ತರೋದು ಬೇಡ ಅಂತ ಮಗಳಿಗೆ ಗಟ್ಟಿಯಾಗಿ ಹೇಳಿ. ಜರಡಿ ನಮ್ಮನೇಲಿ ಇದೆ, ಮಣ್ಣು ಒಣಗಿದ ದಿನ ಅವಳನ್ನೇ ಕಳಿಸಿ, ಕೊಟ್ಟು ಕಳಿಸ್ತೀನಿ.